ಜಗಳಗಂಟ ಮಾವನ ಶುಶ್ರೂಷೆ

"ಇವಗ ನನ್ನ ಮಗಳನ್ನ ಕೊಟ್ಟ ದಿನಾನೂ ನಾ ಕುಡಿದಿದ್ದೆ ನೋಡ್ರಿ ಸಿಸ್ಟರ್. ಮೈಮ್ಯಾಲ ಎಚ್ಚರ ಇದ್ದಿದ್ರ ಇಂಥವಗ ಕೊಡ್ತಿದ್ನೇನ್ರಿ?"

ಹರ್ಷದಾ ಸಿಸ್ಟರ್ ಕೇಳಿದ್ದು ಎಷ್ಟು ವರ್ಷದಿಂದ ಕುಡಿಯುತ್ತೀರಿ ಎಂದು, ಅಷ್ಟೇ. ಅದಕ್ಕೆ ನನ್ನ ಮಾವ ಅಂಬಣ್ಣ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಕಡೆ ಗದ್ದ ತೋರಿಸಿ, ಇಡೀ ವಾರ್ಡಿಗೆ ಕೇಳುವ ಹಾಗೆ ಕೊಟ್ಟ ಉತ್ತರ ಇದು. ಮಲಗಿದ್ದವರು ಎದ್ದು ಕೂತರು. ಕೈಗೆ ಸಲೈನ್ ಚುಚ್ಚಿಸಿಕೊಂಡಿದ್ದವನೂ ನಕ್ಕ. ಇದು ಹೈದರಾಬಾದಿನ ಆಸ್ಪತ್ರೆ, ಕಸ ಗುಡಿಸುವ ಅಮ್ಮನಿಗೆ ಕನ್ನಡ ಬರುವುದಿಲ್ಲ. ಆಕೆ ಪಕ್ಕದವನಿಂದ ತೆಲುಗಿನಲ್ಲಿ ಹೇಳಿಸಿಕೊಂಡು, ಎಲ್ಲರ ನಗು ಮುಗಿದ ಮೇಲೆ ಒಬ್ಬಳೇ ನಕ್ಕಳು. ಆ ಎರಡನೇ ನಗು ನನ್ನನ್ನು ಹೆಚ್ಚು ಸುಟ್ಟಿತು.

ಸಿಟ್ಟು ನನಗೆ ಹೊಸದಲ್ಲ. ಎಂಟನೇ ತರಗತಿಯಿಂದ ಸಿಟ್ಟಿನಲ್ಲಿ ಎದ್ದು ಬಂದವನು ಇನ್ನೂ ವಾಪಸ್ ಹೋಗಿಲ್ಲ. ಹಸಿ ಟೈಲ್ಸ್ ಮೇಲೆ ಬೂಟು ಹಾಕಿಕೊಂಡು ನಡೆಯುವ ಇಂಜಿನಿಯರನ ಮೇಲೆ ಸಿಟ್ಟು. ನಾವೇ ಹಾಸಿದ ನೆಲದ ಮೇಲೆ ಕಾಲಿಡಲು ನಮ್ಮನ್ನೇ ಕಾಲು ತೊಳೆದು ಬಾ ಅನ್ನುವ ಫ್ಲ್ಯಾಟಿನವರ ಮೇಲೆ ಸಿಟ್ಟು. ಈ ಆಸ್ಪತ್ರೆಯ ಹೆಸರು ಹೇಳಿದ ಕೂಡಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದ ಆಟೋದವನ ಮೇಲಂತೂ ಇವತ್ತಿಗೂ ಸಿಟ್ಟು. ಇಷ್ಟೆಲ್ಲ ಇದ್ದವನು ಮಾವನನ್ನು ಬಿಡುತ್ತೇನೆಯೆ?

"ಎಚ್ಚರ ಇದ್ದಿದ್ರ ನಾನರ ಒಪ್ಪತಿದ್ನೇನು? ಮಾವನ ಮಾರಿ ನೋಡೇ ಸೇಡಂ ದಾಟಿ ಓಡತಿದ್ದೆ!"

"ಓಡಬೇಕಿತ್ತಲೇ! ಯಾರು ಹಿಡದಿದ್ರು?"

"ನೀನ ಹಿಡದಿದ್ದಿ! ನನ್ನ ಹೆಗಲು ಹಿಡ್ಕೊಂಡೇ ನಿಂತಿದ್ದಿ, ಬಿಟ್ರ ಬೀಳ್ತಿದ್ದಿ!"

ವಾರ್ಡಿನಲ್ಲಿ ಸೀಟಿ ಬಿತ್ತು. ಹೊಡೆದವರು ಪಕ್ಕದ ಮಂಚದ ಅಮರಯ್ಯ, ಕಲಬುರಗಿ ಗಾಡಿಗಳಲ್ಲಿ ಓಡಾಡಿ ಕನ್ನಡ ಕಲಿತ, ಮಲ್ಕಾಜ್‌ಗಿರಿಯ ನಿವೃತ್ತ ರೈಲ್ವೆ ಗಾರ್ಡು. ಉತ್ಸಾಹ ಮಿತಿಮೀರಿ ಉಕ್ಕುವ ಕಾಯಿಲೆ ಅವರದು. ನಿದ್ದೆ ಬಿಟ್ಟು, ಸ್ಟೇಷನ್ನಿಗೆ ತಾವೇ ಬಣ್ಣ ಹೊಡೆಯುತ್ತೇನೆಂದು ಏಣಿ ಹೊತ್ತು ಹೊರಟಾಗ ಮನೆಯವರು ಕರೆತಂದಿದ್ದರು. ಈಗ ಮಾತ್ರೆಗೆ ತಹಬಂದಿಗೆ ಬಂದಿದ್ದರು. ಸೀಟಿ ಮಾತ್ರ ಉಳಿದಿತ್ತು.

ಮಾವ ಹೊದಿಕೆ ಕಿತ್ತು ಒಗೆದ. "ಇಂಥಾ ಅಳಿಯ ಇರೋ ಜಾಗದಾಗ ನಾ ಇರಂಗಿಲ್ಲ. ನನ್ನ ಅಂಗಿ ಎಲ್ಲೈತಿ? ಹೊಂಟೆ ನಾ!"

ನಾಲ್ಕು ಹೆಜ್ಜೆ ಹೋಗಿ ಗೋಡೆ ಹಿಡಿದು ನಿಂತ. ಹರ್ಷದಾ ಸಿಸ್ಟರ್ ಹಿಡಿಯಲಿಲ್ಲ, ಬೈಯಲಿಲ್ಲ, ಒಂದು ಕುರ್ಚಿ ತಂದು ಅವನ ಹಿಂದೆ ಇಟ್ಟರು. "ಹೋಗ್ರಿ ಅಂಬಣ್ಣಾರ, ಮಜ್ಜಿಗಿ ಕುಡದು ಹೋಗ್ರಿ. ಬಿಸಲ ಭಾಳ ಅದ" ಎಂದರು. ಮಾವ ಮಜ್ಜಿಗೆ ಕುಡಿದ. ಕುಡಿದ ಮೇಲೆ ಹೋಗುವ ಮಾತು ಅಲ್ಲೇ ಆರಿತು.

ನಾಚಾರಂ ಕಾರ್ಖಾನೆಗಳ ಹಿಂದಿನ ಈ ಟ್ರಸ್ಟಿನ ಮಾನಸಿಕ ಆಸ್ಪತ್ರೆಗೆ ಮಾವ ಬಂದದ್ದು ಮೊದಲ ಸಲವಲ್ಲ. ಅವನ ಕುಡಿತ ಎಂದರೆ ಸೇಂದಿ. ಮರದಿಂದ ಇಳಿಸಿದ ಸೇಂದಿಯಾದರೆ ಅಷ್ಟು ಕೇಡಿಲ್ಲ. ನಮ್ಮ ಬಸ್ತಿಯ ಪಕ್ಕದ ಸೇಂದಿ ಅಂಗಡಿಯಲ್ಲಿ, ಇಲ್ಲಿಯವರು ಕಂಪೌಂಡು ಅನ್ನುವಲ್ಲಿ, ಮಾರುವುದು ನೀರಿಗೆ ಪುಡಿ ಕಲಕಿದ ಸೇಂದಿ, ನಿದ್ದೆ ಮಾತ್ರೆಯ ಜಾತಿಯ ಪುಡಿ. ಅದು ದಿನಾ ಬೇಕು, ಸಿಗದಿದ್ದರೆ ಕೈಕಾಲು ಕುಣಿಯುತ್ತವೆ. ಈ ಸಲ ಕಂಪೌಂಡಿಗೆ ಬೀಗ ಬಿದ್ದಾಗ ಮಾವ ಹಾಸುತ್ತಿದ್ದ ಟೈಲ್ಸ್ ಮೇಲೆ ಇಲ್ಲದ ಇರುವೆ ಕಂಡು ಸುತ್ತಿಗೆಯಿಂದ ಕುಟ್ಟತೊಡಗಿದ. ಆಮೇಲೆ ಫಿಟ್ಸ್ ಬಂದು ಬಿದ್ದ. ಹಿಂದಿನ ಸಲಗಳ ಹಾಗೆ ಚಿಕಿತ್ಸೆ ನಡುವೆ ಬಿಟ್ಟು ಹೋಗಿ ಮತ್ತೆ ಕುಡಿಯಲು ಶುರುಮಾಡಿದರೆ, ಮತ್ತೆ ಫಿಟ್ಸ್ ಬಂದರೆ, ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ನನಗೂ ಶೈಲಾಗೂ ಬಿಡಿಸಿ ಹೇಳಿದ್ದರು.

ಶೈಲಾ ನನ್ನ ಹೆಂಡತಿ, ಮಾವನ ಮಗಳು. ಮಾವ ನನ್ನ ತಾಯಿಯ ಅಣ್ಣನೂ ಹೌದು. ನನ್ನ ಅಪ್ಪ ಸತ್ತ ಮೇಲೆ ಊರಿನಿಂದ ಹೈದರಾಬಾದಿಗೆ ಕರೆತಂದು ನನ್ನ ಕೈಗೆ ಕರಣೆ ಕೊಟ್ಟವನೂ ಅವನೇ. ಗಂಡಸರ ವಾರ್ಡಿನಲ್ಲಿ ರೋಗಿಯ ಜೊತೆ ಮನೆಯ ಗಂಡಸೊಬ್ಬ ಇರಬೇಕೆಂಬ ನಿಯಮವಿತ್ತು. ಶೈಲಾ ನನ್ನ ಚೀಲ ತುಂಬಿ ಕೊಡುತ್ತ ಹೇಳಿದ್ದಳು, "ಅಪ್ಪನ ಔಷಧ ಪೂರಾ ಮುಗಿಸಿ ಕರ್ಕೊಂಡ್ ಬಾ. ನಡುವ ಬಿಡಿಸ್ಕೊಂಡು ಬಂದ್ರ ಇಬ್ಬರೂ ಬರಬ್ಯಾಡ್ರಿ, ಅಲ್ಲೇ ಎಲ್ಲ್ಯರ ಟೈಲ್ಸ್ ಹಾಕ್ಕೊಂಡು ಇರ್ರಿ."

ಹಾಗಾಗಿ ನಾನು ನರ್ಸ್ ಕೆಲಸಕ್ಕೆ ಬಿದ್ದೆ. ಎಬ್ಬಿಸುವ ಮೊದಲು ಮಂಚದ ಅಂಚಿಗೆ ಕೂಡಿಸಿ ತಲೆ ತಿರುಗುತ್ತದೆಯೇ ಕೇಳಬೇಕು. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆಯ ಕೆಳಗೆ ನೋಡಬೇಕು. ಇರುವೆ ಕಂಡು ಮಾವ ಕಿರುಚಿದಾಗ ಇಲ್ಲ ಎಂದು ವಾದಿಸಬಾರದು, ಹೌದು ಎಂದು ತಲೆಯಾಡಿಸಲೂ ಬಾರದು. "ನನಗ ಕಾಣವಲ್ದು ಮಾವ, ನಿನಗ ಅಂಜಿಕಿ ಆಗಾಕತ್ತೈತಿ, ನಾ ಇಲ್ಲೇ ಅದೀನಿ" ಅನ್ನಬೇಕು. ಇದನ್ನೆಲ್ಲ ಕಲಿಸಿದವರು ಹರ್ಷದಾ ಸಿಸ್ಟರ್. ಅವರ ಅಜ್ಜನ ಕಾಲಕ್ಕೇ ಕಲಬುರಗಿಯಿಂದ ಬಂದು ರೈಲ್ವೆ ಸೇರಿದ ಮನೆತನ. ನಮ್ಮ ಮಾತು ಕೇಳಿದ ದಿನವೇ "ಅಯ್ಯ, ನಮ್ಮ ಕಡೇವರು!" ಎಂದು ಹಿಗ್ಗಿದ್ದರು. ಇರುವೆಗಳು ಹೋದ ಮೇಲೆ ಮಾವನ ಬಾಯಿಂದ ಬಂದ ಮೊದಲ ಪೂರ್ತಿ ಮಾತೇ ಆ ನನ್ನ ಮದುವೆಯ ಮಾತು. ಎಲ್ಲರೂ ನಗುವಾಗ ಸಿಸ್ಟರ್, "ನೆನಪು ಚಲೋ ಬಂದದ" ಎಂದು ಸಮಾಧಾನಪಟ್ಟಿದ್ದರು. ನನ್ನ ಮಾನ ಹೋದದ್ದು ಅವರ ಲೆಕ್ಕದಲ್ಲಿ ಗುಣವಾಗುವ ಲಕ್ಷಣ!

ಅವತ್ತು ಮಾವ ಮಲಗಿದ ಮೇಲೆ ಸಿಸ್ಟರ್ ನನ್ನನ್ನು ವರಾಂಡಾಕ್ಕೆ ಕರೆದರು.

"ಮಲ್ಲು, ಹಿಂದಿನ ಸಲ ಇಲ್ಲಿಂದ ಯಾಕ ಹೋದ್ರು ನಿಮ್ಮ ಮಾವ?"

"ನನ್ನ ಜೋಡಿ ಜಗಳಾಡಿ ಹೋದ್ರಿ ಅಕ್ಕಾರ."

"ಅದರ ಹಿಂದಿನ ಸಲ?"

"ಅದೂ ಜಗಳಾನ."

"ಹೋಗಿ ಏನು ಮಾಡಿದ್ರು?"

ಎರಡೂ ಸಲ ನೆಟ್ಟಗೆ ಕಂಪೌಂಡಿಗೆ ಹೋಗಿದ್ದ.

"ಕುಡೀಲಿಕ್ಕೆ ಹೊಂಟೆ ಅಂತ ಹೇಳಿ ಹೋದ್ರ ಮಂದಿ ಮುಂದ ಮಾರಿ ಸಣ್ಣದಾಗ್ತದ. ಅಳಿಯ ಬೈದ ಅಂತ ಹೋದ್ರ ಮರ್ಯಾದಿಗಾಗಿ ಹೋದಂಗ ಆಗ್ತದ. ಆ ನೆಪ ಅವರಿಗೆ ಬೇಕಾಗ್ಯದ. ನೀ ಕೈಯಾರೆ ಕೊಡ್ಲಿಕ್ಕತ್ತಿ."

"ಹಂಗಾರ ನಾ ಏನು ಮಾಡ್ಲಿರಿ?"

"ಉತ್ತರ ಕೊಡಬ್ಯಾಡ."

ಇಷ್ಟೇ! ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ಕಷ್ಟದ ಕೆಲಸ ಒಪ್ಪಿಸಿರಲಿಲ್ಲ. ನಾನು ಮಾಡಿದರೆ ಪೂರಾ ಮಾಡುವವನು. ಮರುದಿನ ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಮಾವ ನೀರು ಕೇಳಿದ, ಕೊಟ್ಟೆ. "ಇದೇನು ಕಾರ್ಖಾನಿ ಬಾಯ್ಲರಿನಾಗಿಂದು ತಂದಿಯೇನು?" ಅಂದ. ನಾನು ಲೋಟ ತೊಳೆದು ಬೇರೆ ನೀರು ತಂದೆ. ಗಡ್ಡ ಬೋಳಿಸುವಾಗ "ಮೆಲ್ಲಕ, ಇದು ನಿನ್ನ ಗ್ರಾನೈಟ್ ಅಲ್ಲ" ಅಂದ. ಮೆಲ್ಲಗೆ ಬೋಳಿಸಿದೆ. ಊಟದ ಹೊತ್ತಿಗೆ ದೊಡ್ಡ ಕಲ್ಲನ್ನೇ ಎತ್ತಿ ಹಾಕಿದ: "ನೋಡ್ರಿ ಅಮರಯ್ಯಾರ, ಇವ ಹಾಸಿದ ಬಾತ್‌ರೂಮಿನಾಗ ನೀರು ಮೋರಿಗೆ ಹೋಗಂಗಿಲ್ಲ. ಹಾಲ್‌ಗೆ ಬಂದು ಟಿವಿ ನೋಡತೈತಿ!"

ಅದು ಶುದ್ಧ ಸುಳ್ಳು. ಆ ಬಾತ್‌ರೂಮು ಹಾಸಿದ್ದು ಅವನು, ಅದೂ ಕುಡಿದು. ಆ ನೀರು ಬಳಿದವನು ನಾನು. ಟವೆಲ್ಲಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಅನ್ನ ಕಲಸಿ ಕೊಟ್ಟೆ. ಅಮರಯ್ಯ ಸೀಟಿ ಹೊಡೆಯಲು ತುಟಿ ಮಾಡಿ ಕಾದರು, ಕಾದರು, ಕೊನೆಗೆ ನಿರಾಶೆಯಿಂದ, "ಏಂ ಮಲ್ಲೂ, ಮ್ಯಾಚು ರದ್ದಾ?" ಎಂದು ಕೇಳಿದರು.

ಎರಡು ಮೂರು ದಿನ ಕಳೆದವು. ನನ್ನ ಶುಶ್ರೂಷೆ ಭಾರೀ ಫಲ ಕೊಡತೊಡಗಿತು. ಮಾವ ಬೈಯುವುದು ನಿಲ್ಲಿಸಿದ. ನೀರು ಕೊಟ್ಟರೆ ಎರಡೂ ಕೈಯಿಂದ ಇಸಿದುಕೊಂಡ. ತನ್ನ ಪಾಲಿನ ಮೊಟ್ಟೆಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿ, "ತಿನ್ನಪ್ಪ, ನಿನ್ನ ಮ್ಯಾಲ ಭಾಳ ಭಾರ ಬೀಳತೈತಿ ಇನ್ನ" ಅಂದ. ಫಿಟ್ಸ್ ಬಂದ ದಿನ ಅವನ ಜೊತೆಗೇ ಬಂದಿದ್ದ ಕೆಲಸದ ಚೀಲದಲ್ಲಿದ್ದ ರಬ್ಬರ್ ಸುತ್ತಿಗೆಯನ್ನು ಮಾವ ಹೆಂಡತಿಗೂ ಮುಟ್ಟಿಸುತ್ತಿರಲಿಲ್ಲ. ಅದನ್ನು ನನ್ನ ಮುಂದಿಟ್ಟು, "ಇದು ನಿಂದ" ಎಂದ. ಕಣ್ಣಲ್ಲಿ ನೀರಿತ್ತು. ನಾನು ಬೀಗುತ್ತ ಸಿಸ್ಟರಿಗೆ ಹೇಳಿದೆ, "ಅಕ್ಕಾರ, ನಿಮ್ಮ ಮದ್ದು ಹತ್ತಿತ್ರಿ! ಮನುಷ್ಯಾ ಬದಲಾಗ್ಯಾನ." ಅವರು ಹುಬ್ಬು ಗಂಟಿಕ್ಕಿ, "ಇಷ್ಟು ಲಗೂನೇ?" ಎಂದು ಮಾವನ ಹತ್ತಿರ ಕೂತು ಮಾತಾಡಿಸಿದರು. ಮಾವ ಅವರಿಗೂ ಕೈಮುಗಿದ. ಮರುದಿನ ಅವರಿಗೆ ರಜೆ. ಎಡವಟ್ಟಾದದ್ದೂ ಅದೇ ದಿನ.

ಸಿಸ್ಟರ್ ರಜೆ ಮುಗಿಸಿ ಬಂದ ಬೆಳಗ್ಗೆ, ಆಸ್ಪತ್ರೆಯ ಗೇಟಿನ ಮುಂದೆ ಒಂದು ಕ್ರೂಸರ್ ಜೀಪು ನಿಂತಿತು. ಸೇಡಂ ಕಡೆಯ ನಮ್ಮ ಬಂಧುಗಳೆಲ್ಲ ಒಬ್ಬರ ತೊಡೆಯ ಮೇಲೊಬ್ಬರು ಕೂತು ಬಂದಿದ್ದರು. ಮುಂದೆ ಅತ್ತೆ ಬಂಡೆಮ್ಮ, ಎದೆ ಬಡಿದುಕೊಳ್ಳುತ್ತ. ಅವಳ ಹಿಂದೆ ಶೈಲಾ, ಅವಳ ಹಿಂದೆ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಹೆಂಗಸರು, ಅಳು. ಕಾವಲಿನವನು ತಡೆಯಲು ಹೋಗಿ ಅತ್ತೆಯ ಅಳು ಕೇಳಿ ತಾನೇ ಗೇಟು ಅಗಲ ಮಾಡಿದ. ಅತ್ತೆಯ ಕೈಯಲ್ಲಿ ಕೋಠಿ ಬಜಾರಿನ ಅಂಗಡಿಯ ಚೀಲವಿತ್ತು. ಚೀಲದಲ್ಲಿ ಹೊಸ ಬಿಳಿ ಧೋತರ.

"ಕಡೀ ಆಸೆ ಅಂತ ನಿನ್ನೆ ನೀವ ಫೋನ್ ಮಾಡಿ ಹೇಳಿದ್ರಲ್ಲಾ, ತಂದೀನಿ ನೋಡ್ರಿ!" ಎಂದು ಮಾವನ ಕಾಲ ಬಳಿ ಕುಸಿದಳು.

"ಕೋಠೀದು ಹೌದಿಲ್ಲೋ?" ಎಂದು ಮಾವ ಕ್ಷೀಣ ದನಿಯಲ್ಲಿ ವಿಚಾರಿಸಿದ.

ಹರ್ಷದಾ ಸಿಸ್ಟರ್ ಓಡಿ ಬಂದರು. ನಾಡಿ ಹಿಡಿದರು, ಬಿ.ಪಿ. ನೋಡಿದರು, ಕಣ್ಣು ನೋಡಿದರು. ಎಲ್ಲ ಸರಿಯಿತ್ತು. "ಅಂಬಣ್ಣಾರ, ಏನಾಗ್ಯದ ನಿಮಗ?"

"ಮುಚ್ಚಿಡಬ್ಯಾಡ್ರಿ ಸಿಸ್ಟರ್. ನನಗ ತಿಳದೈತಿ." ಮಾವ ನನ್ನ ಕಡೆ ಬೆರಳು ತೋರಿಸಿದ. "ಇವ ಹಾಲುಹಲ್ಲಿನ ದಿನದಿಂದ ನನಗ ಒಂದ ಮಾತೂ ಬಾಕಿ ಇಟ್ಟವ ಅಲ್ಲ. ಈಗ ನಾ ಬೈತೀನಿ, ಇವ ನೀರು ತರ್ತಾನ. ಇವನ ಕೆಲಸಕ್ಕ ಉಗುಳ್ತೀನಿ, ಬಾಯಿ ಒರಸ್ತಾನ. ಬಾತ್‌ರೂಮಿನ ಮಾತು ತಗದೆ, ಅದಕ್ಕೂ ಸುಮ್ಮ ಕುಂತ! ಡಾಕ್ಟರ್ ಇವಗ ಹೇಳ್ಯಾರ, ನನಗ ಉಳಿಗಾಲ ಇಲ್ಲಂತ. ಇಲ್ಲಂದ್ರ ಈ ಭಾಡ್ಯಾ ಸುಮ್ಮ ಇರಾಂವನೇನ್ರಿ?"

ಅಳುತ್ತಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಶೈಲಾ ಗದ್ಗದವಾಗಿ, "ಖರೇನ? ಬಾತ್‌ರೂಮಿಗೂ ಉತ್ತರ ಕೊಡಲಿಲ್ಲಾ?" ಎಂದಳು. ಕೊಡಲಿಲ್ಲ ಎಂದು ತಲೆಯಾಡಿಸಿದೆ. ಅವಳ ಅಳು ಹೆಚ್ಚಾಯಿತು. ಅಮರಯ್ಯನವರೂ, "ನನಗೂ ಹಾಗೇ ಅನ್ನಿಸಿತ್ತು, ಹೇಳಲಿಲ್ಲ" ಎಂದು ಕನ್ನಡಕ ಒರೆಸಿದರು.

ಸಿಸ್ಟರ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಧೋತರ ನೋಡಿದರು. ಆಮೇಲೆ ಮಾವನ ಮಂಚದ ಮೇಲೇ ಕೂತು, ಬಾಯಿಗೆ ಸೆರಗಿಲ್ಲದ ಯೂನಿಫಾರ್ಮಿನ ತೋಳು ಅಡ್ಡ ಹಿಡಿದು ನಗತೊಡಗಿದರು. ನಗು ನಿಲ್ಲಲೊಲ್ಲದು. ಕೊನೆಗೆ ನನಗೆ ಕೈಸನ್ನೆ ಮಾಡಿದರು: ಮಾತಾಡು.

ಕಟ್ಟಿಟ್ಟ ನೀರು ಒಡೆದ ಹಾಗಾಯಿತು. "ಏ ಮುದುಕಾ! ನೀ ಎಲ್ಲಿ ಸಾಯ್ತಿ? ನನ್ನ ಸಾಯಿಸಿ, ನನ್ನ ಮ್ಯಾಲ ಟೈಲ್ಸ್ ಹಾಸಿ, ಅದಕ್ಕೂ ಇಳಿಜಾರು ತಪ್ಪಿಸ್ತಿ ನೀ! ಆ ಬಾತ್‌ರೂಮು ಹಾಸಿದ್ದು ಯಾರು? ನೀನು! ನೀರು ಬಳದಾಂವ ಯಾರು? ನಾನು! ಬಾಯ್ಲರ್ ನೀರಂತ, ಬಾಯ್ಲರ್!"

ಮಾವನ ಮುಖ ಅರಳಿತು. ಹೆಂಡತಿಯ ಹೆಗಲು ಹಿಡಿದು ಎದ್ದು ಕೂತ. "ಬೈದ! ಕೇಳಿದ್ರಿಲ್ಲೋ ಎಲ್ಲಾರೂ? ಬೈದ! ನಾ ಉಳದೆ ಬಂಡಿ, ಉಳದೆ!"

ಅಮರಯ್ಯನವರ ಸೀಟಿ ಎರಡು ಬೀದಿಗೆ ಕೇಳಿರಬೇಕು. ಅತ್ತೆ ನನ್ನ ತಲೆ ಸವರಿ, "ಹಿಂಗ ಇರಪ್ಪ, ಬೈಕೋತ ಇರು" ಎಂದು ಹರಸಿದಳು. ರೊಟ್ಟಿಯ ಗಂಟು ಬಿಚ್ಚಿತು. ವಾರ್ಡಿಗೆಲ್ಲ ರೊಟ್ಟಿ ಹಿಂಡಿ ಹಂಚಿದರು, ಕಸ ಗುಡಿಸುವ ಅಮ್ಮ ಎರಡು ಸಲ ಕೈ ಚಾಚಿದಳು. ಆ ಗದ್ದಲದಲ್ಲೇ ಮಾವ ನನ್ನ ಚೀಲಕ್ಕೆ ಕೈ ಹಾಕಿ, "ಸುತ್ತಿಗಿ ಕೊಡಿಲ್ಲೆ" ಎಂದು ಕಿತ್ತುಕೊಂಡ.

ಕ್ರೂಸರ್ ಹೋದ ಮೇಲೆ ಸಿಸ್ಟರ್ ನನ್ನನ್ನು ಮತ್ತೆ ವರಾಂಡಾಕ್ಕೆ ಕರೆದರು. ಈ ಸಲ ನಗು ಇರಲಿಲ್ಲ.

"ತಪ್ಪು ನಂದೂ ಅದ, ಬಿಡಿಸಿ ಹೇಳಲಿಲ್ಲ. ಜಗಳಕ್ಕ ಉತ್ತರ ಕೊಡಬ್ಯಾಡ ಅಂದ್ರ ಮನುಷ್ಯಾಗೇ ಕೊಡಬ್ಯಾಡ ಅಂದಂಗಲ್ಲೋ ಮಾರಾಯ. ನೀವಿಬ್ಬರೂ ಮಾತಾಡೋದೇ ಹಂಗ. ಅದು ನಿಂತ್ರ ಅವರಿಗೆ ಅಂಜಿಕಿ ಆಗ್ತದ. ಅಂಜಿಕೀನೂ ಕುಡಿಸ್ತದ."

"ಮತ್ತ ಯಾವುದಕ್ಕ ಉತ್ತರ ಕೊಡ್ಲಿ, ಯಾವುದಕ್ಕ ಬ್ಯಾಡ? ನನಗ ಹೆಂಗ ಗೊತ್ತಾಗಬೇಕ್ರಿ?"

"ಬಾಯಿ ನೋಡಬ್ಯಾಡ, ಕಣ್ಣು ನೋಡು. ನಿನ್ನ ಮಾರಿ ನೋಡಿ ಬೈದ್ರ ಬೈಸ್ಕೊ, ತಿರುಗಿ ಬೈ, ನಗು. ಬಾಯಿ ನಿನ್ನ ಬೈಕೋತ ಕಣ್ಣು ಬ್ಯಾರೆ ಎಲ್ಲಿಗೋ ಹೊಂಟಿರ್ತದಲ್ಲ, ಅದಕ್ಕ ಬ್ಯಾಡ. ಆವಾಗ ಎಳದಾಡಬ್ಯಾಡ, ಕಾಲು ಹಿಡೀಬ್ಯಾಡ. ನೀ ನನ್ನ ಕಡೆ ವಾಪಸ್ ಬಂದುಬಿಡು. ಬರೋದು ಅವರ ಕೆಲಸ."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನಾನು, ನೀನು ಇಬ್ಬರೂ ಹೋಗಿ ಹುಡುಕೋಣು. ಆದ್ರ ಬೇಲಿ ಹಾಕಿ ಯಾರ ಕುಡಿತಾನೂ ಬಿಡಿಸಲಿಕ್ಕೆ ಬರೂದಿಲ್ಲ ಮಲ್ಲು."

ಆಮೇಲಿನ ದಿನಗಳು ಚೆನ್ನಾಗಿ ಹೋದವು. ಬೆಳಗ್ಗೆ ಕೈ ಚಾಚಿಸಿ ನೋಡಿದರೆ ಬೆರಳು ನಡುಗುತ್ತಿರಲಿಲ್ಲ. ಬೈಗುಳ ಎರಡೂ ಕಡೆಯಿಂದ ಧಾರಾಳ ನಡೆದಿತ್ತು. ಹೆಚ್ಚೂಕಡಿಮೆ ಮನೆಗೆ ಹೋಗುವ ಹೊತ್ತು ಬಂದಾಗ, ಹೊರಗಿನ ಗಾಳಿಗೆ ಮಾವ ಹೇಗಿರುತ್ತಾನೆ ನೋಡಲು ಸಿಸ್ಟರ್ ನಮ್ಮಿಬ್ಬರನ್ನೂ ಗೇಟಿನ ಆಚೆಯ ಚಹದಂಗಡಿಗೆ ಕಳಿಸಿದರು.

ಸಂಜೆ ಶಿಫ್ಟು ಬಿಟ್ಟಿತ್ತು. ಕಾರ್ಖಾನೆಯವರು ಅಂಗಡಿಯ ಸುತ್ತ ತುಂಬಿದ್ದರು. ನಾವು ಚಹ ತೆಗೆದುಕೊಂಡೆವು. ಚಹದಲ್ಲಿ ಸಕ್ಕರೆ ಜಾಸ್ತಿ ಎಂದು ಮಾವ, ನಿನ್ನ ನಾಲಿಗೆಯೇ ಕಹಿ ಎಂದು ನಾನು. ಎಲ್ಲ ಸರಿಯಿತ್ತು. ಆಗ ರಸ್ತೆಯ ಆಚೆ ಇಬ್ಬರು ಪ್ಲಾಸ್ಟಿಕ್ ಬಾಟಲಿ ಹಿಡಿದು ನಡೆದು ಹೋದರು. ಬಾಟಲಿಯಲ್ಲಿ ಬೆಳ್ಳಗಿನ ಸೇಂದಿ. ಎಲ್ಲೋ ಒಂದು ಕಂಪೌಂಡಿನ ಬೀಗ ತೆಗೆದಿತ್ತು.

ಮಾವ ಚಹದ ಗ್ಲಾಸು ಕಟ್ಟೆಗೆ ಕುಕ್ಕಿದ.

"ಏನು ನೋಡ್ತಿಯೋ ನನ್ನ? ಕಾವಲು ಕಾಯಾಕ ಬಂದಿಯಾ?" ದನಿ ಏರಿತು. ಚಹ ಕುಡಿಯುತ್ತಿದ್ದವರು ತಿರುಗಿದರು. "ನಿಮ್ಮಪ್ಪ ಸತ್ತಾಗ ನಿನಗ ಹಾಕ್ಕೊಳ್ಳಾಕ ಚೊಣ್ಣ ಇರಲಿಲ್ಲ! ನನ್ನ ಅನ್ನ ತಿಂದು, ನನ್ನ ಕೆಲಸ ಕಲ್ತು, ನನ್ನ ಮಗಳನ್ನ ಕಟ್ಕೊಂಡು, ಈಗ ನನ್ನ ನಾಲಗಿ ಎತ್ತಿಸಿ ನೋಡೋ ಗಂಡಸಾಗಿಯಾ ನೀ? ಥೂ! ನಿಮ್ಮಪ್ಪ ಇದ್ದಿದ್ರ ನಾಚಿ ಸಾಯ್ತಿದ್ದ!"

ಅಪ್ಪನ ಮಾತು ಅವನು ಹಿಂದೆಂದೂ ತೆಗೆದಿರಲಿಲ್ಲ. ಉತ್ತರಗಳು ಸಾಲುಗಟ್ಟಿ ಬಂದವು, ಒಂದಕ್ಕಿಂತ ಒಂದು ಹರಿತ. ಒಂದೇ ಒಂದು ಸಾಕಿತ್ತು, ಅವನ ಬಾಯಿ ಮುಚ್ಚಿಸಲು. ಮಾವನ ಮುಖ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಆ ಇಬ್ಬರ ಬೆನ್ನ ಹಿಂದೆ ರಸ್ತೆಯ ತಿರುವಿನವರೆಗೆ ಹೋಗಿ ನಿಂತಿತ್ತು. ಹೊರಡಲು ಅವನಿಗೆ ನನ್ನ ಒಂದು ಮಾತು ಬೇಕಿತ್ತು, ಅಷ್ಟೇ.

ಗ್ಲಾಸು ಕೆಳಗಿಟ್ಟೆ. ಆಸ್ಪತ್ರೆಯ ಕಡೆ ತಿರುಗಿ ನಡೆದೆ.

"ಲೇ ಮಲ್ಲ್ಯಾ! ಉತ್ತರ ಕೊಟ್ಟು ಹೋಗಲೇ!"

ನಡೆದೆ. ಬೆನ್ನ ಮೇಲೆ ಇಡೀ ಅಂಗಡಿಯ ಕಣ್ಣಿದ್ದವು. ಯಾರೋ ನಕ್ಕರು. ಹಿಂದೆ ಸ್ವಲ್ಪ ಹೊತ್ತು ಲಾರಿಗಳ ಸಪ್ಪಳ ಬಿಟ್ಟರೆ ಏನೂ ಇಲ್ಲ. ಆ ಹೊತ್ತು ಎಷ್ಟು ಉದ್ದವಿತ್ತು ಎಂದು ನನ್ನ ಕಾಲಿಗೇ ಗೊತ್ತು.

"ಹೊಂಟೇ ಬಿಟ್ಟ ನೋಡು! ಮುದುಕನ್ನ ರೋಡಿನಾಗ ಬಿಟ್ಟು!" ದನಿ ದೂರವಿತ್ತು. ಆಮೇಲೆ ಅಷ್ಟು ದೂರವಿರಲಿಲ್ಲ. "ಹಿಂಗ ಓಡಿದ್ರ ಮನುಷ್ಯಾ ಹೆಂಗ ಬರಬೇಕಲೇ? ನಿನ್ನ ಕಾಲಿಗೇನು ಮಷಿನ್ ಹಚ್ಚ್ಯಾರೇನು? ಲೇ, ನಿನಗ ಹೇಳಾಕತ್ತೀನಿ..."

ಚಪ್ಪಲಿ ಎಳೆದು ನಡೆಯುವ ಸಪ್ಪಳ, ಏದುಸಿರು, ಬೈಗುಳ, ಮೂರೂ ಕೂಡಿ ಹತ್ತಿರವಾದವು. ನಾನು ತಿರುಗಲಿಲ್ಲ, ಏನೂ ಅನ್ನಲಿಲ್ಲ. ಒಂಚೂರು ನಿಧಾನ ಮಾಡಿ, ನಡೆದೆ.